ಹಿಟ್ಟಿನ ಕೋಳಿಯೂ ಪರದೆಯ ದೈತ್ಯನೂ

ವಿಡಿಯೊ ಗೇಮ್‌ಗಳಲ್ಲಿನ ಹೊಡೆದಾಟವನ್ನು ಹಿರಿಯರು ಆಕ್ಷೇಪಿಸಿದಾಗ ಮನೆಯ ಮಕ್ಕಳಿಂದ ಬರುವ ಉತ್ತರ ಸಾಮಾನ್ಯವಾಗಿ ಒಂದೇ: ‘ಅಲ್ಲಿ ನಿಜವಾಗಿ ಯಾರೂ ಸಾಯುವುದಿಲ್ಲವಲ್ಲ!’ ಈ ಉತ್ತರ ಸುಳ್ಳಲ್ಲ. ಪರದೆಯ ಮೇಲಿನ ಆಕೃತಿಗೆ ಇಂದ್ರಿಯವಿಲ್ಲ, ಪ್ರಾಣವಿಲ್ಲ, ನೋವೂ ಇಲ್ಲ. ಆದರೆ ಜೈನದರ್ಶನವು ಹಿಂಸೆಯನ್ನು ಅಳೆಯುವಾಗ ಸತ್ತ ಜೀವವನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಕೊಲ್ಲಲು ಎದ್ದ ಮನಸ್ಸನ್ನೂ ಪರೀಕ್ಷಿಸುತ್ತದೆ. ಪ್ರಾಣಹರಣ ದ್ರವ್ಯಹಿಂಸೆ; ಅಂತರಂಗದಲ್ಲಿ ಕಷಾಯಗಳು ಕೆರಳುವುದು ಭಾವಹಿಂಸೆ. ಮೊದಲನೆಯದು ಘಟಿಸದೆಯೂ ಎರಡನೆಯದು ಘಟಿಸಬಹುದು. ಈ ಸೂಕ್ಷ್ಮವನ್ನು ತಿಳಿಯಲು ಜಪಾನಿನ ಒಂದು ಪ್ರಸಿದ್ಧ ಆಟ ನೆರವಾಗುತ್ತದೆ. ಆದರೆ ಅದನ್ನು ಎರಡು ಸಲ ಆಡಬೇಕು.

‘ಶ್ಯಾಡೋ ಆಫ್ ದಿ ಕೊಲಾಸಸ್’ ಎಂಬ ಆ ಆಟ ಫುಮಿತೊ ಉಯೆದಾ ಅವರ ನಿರ್ದೇಶನದಲ್ಲಿ ಸಿದ್ಧವಾಗಿ 2005ರಲ್ಲಿ ಪ್ಲೇಸ್ಟೇಷನ್ 2 ಯಂತ್ರಕ್ಕೆ ಬಂದಿತು. 2018ರಲ್ಲಿ ಹೊಸ ಚಿತ್ರಗಳೊಡನೆ ಮರುರೂಪ ಪಡೆಯಿತು. ತೀರಿಹೋದ ಯುವತಿಯೊಬ್ಬಳನ್ನು ಬದುಕಿಸುವ ಹಂಬಲದಿಂದ ತರುಣನೊಬ್ಬ ಅವಳ ದೇಹವನ್ನು ಕುದುರೆಯ ಮೇಲಿಟ್ಟುಕೊಂಡು ನಿಷಿದ್ಧ ಭೂಮಿಗೆ ಬರುತ್ತಾನೆ. ಅಲ್ಲಿನ ದೇಗುಲದ ಅಶರೀರವಾಣಿಯು, ಹದಿನಾರು ದೈತ್ಯರನ್ನು ಕೊಂದರೆ ಅವನ ಆಸೆ ಕೈಗೂಡಬಹುದು ಎನ್ನುತ್ತದೆ. ತೆರಬೇಕಾದ ಬೆಲೆ ಭಾರಿಯಾಗಬಹುದೆಂದೂ ಎಚ್ಚರಿಸುತ್ತದೆ. ತರುಣ ಹಿಂಜರಿಯುವುದಿಲ್ಲ. ಆ ವಿಶಾಲ ನಾಡಿನಲ್ಲಿ ಊರುಗಳಿಲ್ಲ, ಚಿಕ್ಕಪುಟ್ಟ ವೈರಿಗಳೂ ಇಲ್ಲ. ಕೊಲ್ಲಬೇಕಾದವರು ಆ ಹದಿನಾರು ದೈತ್ಯರು ಮಾತ್ರ.

ಮೊದಲ ಸಲ ಆಡುವವನ ಗಮನವೆಲ್ಲ ಉಪಾಯದ ಮೇಲಿರುತ್ತದೆ. ಗೋಪುರದೆತ್ತರದ ಆ ಮೈಯನ್ನು ರೋಮ ಹಿಡಿದು ಏರುವುದು ಹೇಗೆ, ಮರ್ಮಸ್ಥಾನ ಎಲ್ಲಿದೆ, ಕೈ ಸೋಲುವ ಮೊದಲು ಕತ್ತಿಯನ್ನು ನಾಟುವುದು ಹೇಗೆ ಎಂಬುದಷ್ಟೇ ಚಿಂತೆ. ಗೆದ್ದಾಗ ಹೆಮ್ಮೆ. ‘ಇದೊಂದು ಮಹಾಸಾಹಸದ ಆಟ’ ಎಂಬ ಅಭಿಪ್ರಾಯ ಆಗ ನೆಲೆಗೊಳ್ಳುತ್ತದೆ.

ಕೆಲವು ವರ್ಷಗಳ ತರುವಾಯ ಅದನ್ನೇ ಮತ್ತೆ ಆಡುವವನಿಗೆ ಉಪಾಯಗಳೆಲ್ಲ ತಿಳಿದಿರುವುದರಿಂದ ಕಣ್ಣಿಗೆ ಬಿಡುವು ದೊರೆಯುತ್ತದೆ. ಮೊದಲು ಲಕ್ಷ್ಯಕ್ಕೆ ಬಾರದಿದ್ದುದು ಈಗ ಕಾಣುತ್ತದೆ. ಐದನೆಯದು ಸರೋವರದ ಮೇಲಿನ ಮಹಾಪಕ್ಷಿ. ಬಾಣ ಬಿಟ್ಟು ಕೆಣಕುವವರೆಗೂ ಅದು ಎರಗುವುದಿಲ್ಲ. ಹದಿಮೂರನೆಯದು ಮರಳುಗಾಡಿನ ಆಕಾಶದಲ್ಲಿ ತೇಲುವ ಸರ್ಪಾಕಾರದ ಜೀವಿ. ಅದು ಕೊನೆಯವರೆಗೂ ತರುಣನ ಮೇಲೆ ಆಕ್ರಮಣವನ್ನೇ ಮಾಡುವುದಿಲ್ಲ. ದೈತ್ಯ ಉರುಳಿದಾಗ ಕೇಳಿಬರುವುದು ಶೋಕದ ಸಂಗೀತ. ಸತ್ತ ದೇಹದಿಂದ ಹೊರಟ ಕಪ್ಪು ಎಳೆಗಳು ತರುಣನ ಮೈಯನ್ನು ಹೊಗುತ್ತವೆ; ಕೊಲೆಗಳು ಹೆಚ್ಚಿದಂತೆ ಅವನ ಮುಖ ಕಳೆಗುಂದುತ್ತದೆ. ಕರ್ಮಪುದ್ಗಲಗಳ ಆಸ್ರವವನ್ನು ಬಲ್ಲ ಶ್ರಾವಕನಿಗೆ ಈ ದೃಶ್ಯ ಅಪರಿಚಿತವೆನಿಸದು.

ಗೃಹಸ್ಥರಿಗಾಗಿ ನಮ್ಮ ಆಚಾರಗ್ರಂಥಗಳು ಹಿಂಸೆಯನ್ನು ನಾಲ್ಕು ವಿಧವಾಗಿ ವಿಂಗಡಿಸಿವೆ. ಅಡುಗೆ ಮೊದಲಾದ ಮನೆಗೆಲಸಗಳಲ್ಲಿ ಆಗುವುದು ಆರಂಭಿ. ಜೀವನೋಪಾಯದಲ್ಲಿ ಆಗುವುದು ಉದ್ಯೋಗಿ. ಮೇಲೆ ಬಿದ್ದವರಿಂದ ತನ್ನನ್ನು ರಕ್ಷಿಸಿಕೊಳ್ಳುವಾಗ ಆಗುವುದು ವಿರೋಧಿ. ಕೊಲ್ಲಬೇಕೆಂದೇ ನಿಶ್ಚಯಿಸಿ ಕೊಲ್ಲುವುದು ಸಂಕಲ್ಪಿ. ಈ ಕೊನೆಯದನ್ನು ಶ್ರಾವಕನು ಸಂಪೂರ್ಣವಾಗಿ ತೊರೆಯಬೇಕು. ಮೊದಲ ಆಟದಲ್ಲಿ ‘ವಿರೋಧಿ’ ಎಂದು ತೋರಿದ್ದು ಎರಡನೆಯ ಆಟದಲ್ಲಿ ‘ಸಂಕಲ್ಪಿ’ ಎಂದು ತಿಳಿಯುತ್ತದೆ. ದೈತ್ಯರು ಯಾರ ಮನೆಗೂ ನುಗ್ಗಿರಲಿಲ್ಲ. ಹುಡುಕಿಕೊಂಡು ಹೋದವನು ಕತ್ತಿ ಹಿಡಿದವನೇ.

ಹಾಗಾದರೆ ಮೊದಲಿನ ಅಭಿಪ್ರಾಯ ಸುಳ್ಳೇ? ಅದು ಒಂದು ನಯ. ಆಟದ ಕೌಶಲವೂ ಸೌಂದರ್ಯವೂ ಅಲ್ಲಿ ಇದ್ದೇ ಇವೆ. ಬದಲಾದದ್ದು ನೋಡುವವನ ಪರ್ಯಾಯ. ಆದರೆ ‘ಅದೂ ಸರಿ, ಇದೂ ಸರಿ’ ಎಂದು ಸುಮ್ಮನಾಗುವುದನ್ನು ಅನೇಕಾಂತವೆಂದು ಕರೆಯಲಾಗದು. ಗೆದ್ದವನನ್ನು ಮಾತ್ರ ಕಾಣುವ ದೃಷ್ಟಿಗಿಂತ, ಬಿದ್ದವನನ್ನೂ ಕಾಣುವ ದೃಷ್ಟಿ ಹೆಚ್ಚು ಪೂರ್ಣವಾದುದು. ಅಭಿಪ್ರಾಯವನ್ನು ಆ ಕಡೆಗೆ ತಿದ್ದಿಕೊಳ್ಳುವುದು ಚಂಚಲತೆಯಲ್ಲ, ವಿವೇಕ.

‘ಯಾರೂ ಸಾಯುವುದಿಲ್ಲವಲ್ಲ’ ಎಂಬ ಮಾತಿಗೆ ಕನ್ನಡದ ಜೈನಕಾವ್ಯ ಎಂಟು ಶತಮಾನಗಳ ಹಿಂದೆಯೇ ಉತ್ತರ ಕೊಟ್ಟಿದೆ. ಕ್ರಿ.ಶ. 1209ರ ಸುಮಾರಿಗೆ ಜನ್ನ ಕವಿ ರಚಿಸಿದ ‘ಯಶೋಧರ ಚರಿತೆ’ಯಲ್ಲಿ, ತಾಯಿ ಚಂದ್ರಮತಿಯ ಒತ್ತಾಯಕ್ಕೆ ಮಣಿದ ಯಶೋಧರನು ಜೀವಂತ ಕೋಳಿಯ ಬದಲು ಹಿಟ್ಟಿನ ಕೋಳಿಯನ್ನು ಬಲಿಕೊಡುತ್ತಾನೆ. ಅಲ್ಲಿ ಕತ್ತರಿಸಿದ್ದು ಹಿಟ್ಟನ್ನು, ಸಂಕಲ್ಪಿಸಿದ್ದು ಕೋಳಿಯನ್ನು. ಆ ಸಂಕಲ್ಪದ ಫಲವಾಗಿ ತಾಯಿ ಮಗ ಇಬ್ಬರೂ ನವಿಲು, ನಾಯಿ ಮೊದಲಾದ ತಿರ್ಯಗ್ಜನ್ಮಗಳಲ್ಲಿ ತೊಳಲುತ್ತಾರೆ. ಯಶೋಧರನಿಗೆ ಅಹಿಂಸೆಯ ಅರಿವು ಇರಲಿಲ್ಲವೆಂದಲ್ಲ. ಅರಿವಿದ್ದೂ ಅವನ ಕೈ ಎತ್ತಿತು.

ಇಲ್ಲಿಯೇ ಕಠಿಣವಾದ ಪ್ರಶ್ನೆ ಏಳುತ್ತದೆ. ಎರಡನೆಯ ಸಲ ಆಡುವವನಿಗೆ ಮರುಕ ಹುಟ್ಟಿದರೂ ಆಟ ಮುಗಿಯಬೇಕಾದರೆ ಹದಿನಾರನ್ನೂ ಕೊಲ್ಲಲೇಬೇಕು. ಕೊಲ್ಲದೆ ಗೆಲ್ಲುವ ಮಾರ್ಗ ಅದರಲ್ಲಿಲ್ಲ. ಕಣ್ಣಲ್ಲಿ ಕರುಣೆ, ಕೈಯಲ್ಲಿ ಕತ್ತಿ. ಇದನ್ನು ನಿಜವಾದ ಜೀವಹತ್ಯೆಗೆ ಸಮವೆನ್ನುವುದು ಏಕಾಂತವಾದವಾದೀತು. ಏನೂ ಆಗಲಿಲ್ಲವೆಂದು ಕೈತೊಳೆದುಕೊಳ್ಳುವುದೂ ಅಂಥದೇ ಏಕಾಂತ. ಸಮ್ಯಗ್ದರ್ಶನ ಮತ್ತು ಜ್ಞಾನಗಳ ಜೊತೆಗೆ ಚಾರಿತ್ರ ಸೇರಿದಾಗಲೇ ಅದು ಮೋಕ್ಷಮಾರ್ಗ. ಮರುಕವು ಕೈಯನ್ನು ತಡೆಯದಿದ್ದರೆ ಅದು ಇನ್ನೂ ವ್ರತವಾಗಿಲ್ಲ.

ಆದ್ದರಿಂದ ಹಿರಿಯರು ಆಟದ ಯಂತ್ರವನ್ನು ಕಿತ್ತುಕೊಳ್ಳುವ ಬದಲು ಮಕ್ಕಳ ಪಕ್ಕದಲ್ಲಿ ಕುಳಿತು ಎರಡು ಪ್ರಶ್ನೆ ಕೇಳುವುದು ಒಳಿತು: ಮೊದಲು ಮೇಲೆ ಬಿದ್ದವರು ಯಾರು? ಅದು ಉರುಳಿದಾಗ ನಿನ್ನ ಮನಸ್ಸಿನಲ್ಲಿ ಏನಾಯಿತು? ನಿತ್ಯ ಪ್ರತಿಕ್ರಮಣದಲ್ಲಿ ಶ್ರಾವಕನು ತನ್ನನ್ನು ತಾನು ಕೇಳಿಕೊಳ್ಳುವ ಪ್ರಶ್ನೆಗಳೂ ಇಂಥವೇ. ಪ್ರತಿಕ್ರಮಣವೆಂದರೆ ಹಿಂದಿರುಗುವುದು, ನಡೆದ ದಾರಿಯನ್ನು ಮತ್ತೊಮ್ಮೆ, ಗೆಲುವಿನ ಮಬ್ಬಿಲ್ಲದೆ ನೋಡುವುದು. ಆಟವನ್ನು ಮೊದಲಿನಿಂದ ಆಡಬಹುದು. ಬದುಕಿನಲ್ಲಿ ಕಳೆದ ದಿನವನ್ನು ಮತ್ತೆ ಬಾಳಲಾಗದು. ಅಲ್ಲಿ ಉಳಿಯುವುದು ಆಲೋಚನೆ, ಪಶ್ಚಾತ್ತಾಪ ಮತ್ತು ಇನ್ನು ಮಾಡೆನೆಂಬ ಪ್ರತ್ಯಾಖ್ಯಾನ.

ಜನ್ನನ ಕಾವ್ಯದಲ್ಲಿ ಯಶೋಧರನ ಕಥೆಯನ್ನು ಕೇಳುವವನು ನರಬಲಿಗೆ ಸಿದ್ಧನಾಗಿ ನಿಂತ ಮಾರಿದತ್ತ ರಾಜ. ಕಥೆ ಮುಗಿದಾಗ ಅವನ ಅಭಿಪ್ರಾಯ ಬದಲಾಗುತ್ತದೆ. ಅಷ್ಟಕ್ಕೇ ನಿಲ್ಲದೆ ಅವನು ಹಿಂಸೆಯನ್ನೇ ತೊರೆಯುತ್ತಾನೆ. ಅಭಿಪ್ರಾಯದ ಬದಲಾವಣೆ ಸಾರ್ಥಕವಾಗುವುದು ಅಲ್ಲಿ.