ಗುರಾಣಿ ಯಾರಿಗೆ?



ಭಾನುವಾರದ ಪೂಜೆ ಮುಗಿದ ಮೇಲೆ ಸಭಾಂಗಣದ ಮೂಲೆಯಲ್ಲಿ ನಾವು ಕೆಲವರು ಮೇಜಿನ ಸುತ್ತ ಕುಳಿತು ದಾಳ ಉರುಳಿಸುವುದನ್ನು ನೀವು ನೋಡಿರುತ್ತೀರಿ. ಜೂಜಾಟವೇ ಎಂದು ಕೇಳಿದ ಹಿರಿಯರೂ ಇದ್ದಾರೆ. ಅಲ್ಲ. ಅದು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿ 1974ರಲ್ಲಿ ಹೊರಬಂದ ಆಟ. ಒಬ್ಬರು ಕಥೆ ನಡೆಸುತ್ತಾರೆ, ಉಳಿದವರು ಒಂದೊಂದು ಪಾತ್ರವಾಗಿ ಆ ಕಥೆಯೊಳಗೆ ಹೋಗುತ್ತಾರೆ. ಹಣದ ಮಾತೇ ಇಲ್ಲ.

ಕಳೆದ ತಿಂಗಳು ಹೊಸ ಹುಡುಗನೊಬ್ಬ ಆಡಲು ಬಂದ. ಮಾಂತ್ರಿಕನ ಪಾತ್ರ ತೆಗೆದುಕೊಂಡ (ಹುಬ್ಬೇರಿಸಬೇಡಿ, ಕಾಗದದ ಮೇಲಿನ ಮಾಂತ್ರಿಕ). ಮೈಮೇಲೆ ಕವಚವಿಲ್ಲ. ಅಕ್ಕಪಕ್ಕದಲ್ಲಿ ಗುರಾಣಿ ಹಿಡಿದ ನಮ್ಮ ಮೂವರು ಯೋಧರು. ಮೊದಲ ಕಾಳಗದಲ್ಲೇ ಅವನ ಪಾತ್ರ ಸತ್ತಿತು, ನಮ್ಮ ಮೂವರಿಗೆ ಒಂದು ಗೀರೂ ಬೀಳಲಿಲ್ಲ. ನಿಯಮದ ಪ್ರಕಾರ ಎಲ್ಲವೂ ಸರಿಯಾಗಿತ್ತು. ಮುಂದಿನ ಭಾನುವಾರ ಅವನು ಬರಲಿಲ್ಲ. ಅಂದಿನಿಂದ ನಮ್ಮೊಳಗೇ ವಾದ: ತಪ್ಪು ನಮ್ಮದೋ, ನಿಯಮದ್ದೋ? ಎರಡರದ್ದೂ ಹೌದು, ಮತ್ತು ನಿಯಮವನ್ನು ನಾವು ಬದಲಿಸಿಕೊಳ್ಳಬೇಕು ಎಂಬುದು ನಮ್ಮ ಅಭಿಪ್ರಾಯ.

ಆಡದವರಿಗಾಗಿ ಸ್ವಲ್ಪ ವಿವರಣೆ. ನಾವು ಆಡುವುದು 2014ರ ಐದನೆಯ ಆವೃತ್ತಿ. ಪ್ರತಿ ಪಾತ್ರಕ್ಕೂ ‘ಆರ್ಮರ್ ಕ್ಲಾಸ್’ ಎಂಬ ಒಂದು ಸಂಖ್ಯೆ. ಹೊಡೆಯುವವನು 20 ಮುಖದ ದಾಳ ಉರುಳಿಸಿ, ತನ್ನ ಸಾಮರ್ಥ್ಯದ ಅಂಕ ಕೂಡಿಸಿ, ಆ ಸಂಖ್ಯೆಯನ್ನು ಮುಟ್ಟಿದರೆ ಏಟು ಬಿತ್ತು. ಸರಪಳಿ ಕವಚಕ್ಕೆ 16, ಮೈತುಂಬ ಉಕ್ಕಿನ ತಗಡಿನ ಕವಚಕ್ಕೆ 18. ತಗಡಿನ ಕವಚ ಹೊರಲು ಬಲ 15 ಇರಬೇಕು, ಇಲ್ಲದಿದ್ದರೆ ನಡೆಯ ವೇಗ 10 ಅಡಿ ಇಳಿಯುತ್ತದೆ. ಸೌಲನ ಕವಚ ತೊಟ್ಟು ನಡೆಯಲಾಗದೆ ಕಳಚಿಟ್ಟ ದಾವೀದನ ಕಥೆ ಗೊತ್ತಿರುವ ನಮಗೆ ಈ ನಿಯಮ ಬೇಗ ಅರ್ಥವಾಯಿತು. ಇನ್ನು ಗುರಾಣಿಗೆ? ಹಿಡಿದವನ ಸಂಖ್ಯೆಗೆ 2 ಕೂಡುತ್ತದೆ, ಅಷ್ಟೇ.

ಎಲ್ಲ ಆಟಗಳೂ ಹೀಗಿಲ್ಲ. 1978ರ ‘ರೂನ್‌ಕ್ವೆಸ್ಟ್’ನಲ್ಲಿ ಕವಚ ಏಟನ್ನು ತಪ್ಪಿಸುವುದಿಲ್ಲ, ಬಿದ್ದ ಏಟಿನ ಪೆಟ್ಟನ್ನು ಕಡಿಮೆ ಮಾಡುತ್ತದೆ. ಗುರಾಣಿಯಿಂದ ತಡೆಯಲು ಬೇರೆಯೇ ದಾಳ ಉರುಳಿಸಬೇಕು. 2019ರ ‘ಪಾತ್‌ಫೈಂಡರ್’ ಎರಡನೆಯ ಆವೃತ್ತಿಯಲ್ಲಿ ಒಂದು ಸರದಿಗೆ ಇರುವ ಮೂರು ಕ್ರಿಯೆಗಳಲ್ಲಿ ಒಂದನ್ನು ಖರ್ಚು ಮಾಡಿ ಗುರಾಣಿ ಎತ್ತಿದರೆ ಮಾತ್ರ ಆ 2 ಸಿಗುತ್ತದೆ. ಅಲ್ಲಿ ಗುರಾಣಿ ಮುರಿಯಲೂಬಹುದು. ನಮಗೆ ಇದು ಹೆಚ್ಚು ಹಿಡಿಸಿತು. ಸುಮ್ಮನೆ ತೋಳಿಗೆ ಕಟ್ಟಿಕೊಂಡಿದ್ದರೆ ಅದು ಗುರಾಣಿ ಹೇಗಾದೀತು?

ಪ್ರಾಚೀನ ಗ್ರೀಕ್ ಪದಾತಿಯ ದುಂಡು ಗುರಾಣಿ ಎಡಗೈಯಲ್ಲಿ ಇರುತ್ತಿತ್ತು. ಅದರ ಒಂದು ಭಾಗ ಎಡಕ್ಕೆ ನಿಂತವನ ಬಲಮಗ್ಗುಲನ್ನು ಕಾಯುತ್ತಿತ್ತು. ಪ್ರತಿಯೊಬ್ಬನೂ ಬಲಗಡೆಯವನ ಗುರಾಣಿಯ ಮರೆಗೆ ಸರಿಯುವುದರಿಂದ ಇಡೀ ಸೇನೆಯೇ ಬಲಕ್ಕೆ ವಾಲುತ್ತದೆ ಎಂದು ಇತಿಹಾಸಕಾರ ಥುಸಿಡಿಡೀಸ್, ಕ್ರಿ.ಪೂ. 418ರ ಮಾಂಟಿನಿಯ ಯುದ್ಧದ ಕಥನದಲ್ಲಿ ಬರೆದಿದ್ದಾನೆ.

ನಮ್ಮ ಆಟದ ಪುಸ್ತಕದಲ್ಲೂ ಇದು ಇದೆ, ಆದರೆ ಮೂಲೆಯಲ್ಲಿ. ಯೋಧ ಕಲಿಯಬಹುದಾದ ಶೈಲಿಗಳಲ್ಲಿ ‘ಪ್ರೊಟೆಕ್ಷನ್’ ಒಂದು. ಐದು ಅಡಿಯೊಳಗಿನ ಜೊತೆಗಾರನ ಮೇಲೆ ಏಟು ಬಂದಾಗ ಸುತ್ತಿಗೊಮ್ಮೆ ಗುರಾಣಿ ಅಡ್ಡ ಹಿಡಿಯಬಹುದು. ಆಗ ವೈರಿ ಎರಡು ದಾಳ ಉರುಳಿಸಿ ಚಿಕ್ಕದನ್ನೇ ಇಟ್ಟುಕೊಳ್ಳಬೇಕು. ನಮ್ಮ ಮೂವರಲ್ಲಿ ಇದನ್ನು ಆರಿಸಿದವರು ಯಾರು? ಯಾರೂ ಇಲ್ಲ! ಇಬ್ಬರು ತಮ್ಮ ಪೆಟ್ಟಿಗೆ 2 ಕೂಡಿಸುವ ಶೈಲಿ ತೆಗೆದುಕೊಂಡರು, ಒಬ್ಬರು ತಮ್ಮದೇ ಆರ್ಮರ್ ಕ್ಲಾಸಿಗೆ 1 ಕೂಡಿಸಿಕೊಂಡರು.

ಲೆಕ್ಕ ಹಾಕಿದಾಗ ನಾಚಿಕೆಯಾಯಿತು. 5 ಅಂಕ ಕೂಡಿಸುವ ವೈರಿ 18ರ ಯೋಧನಿಗೆ ನೂರರಲ್ಲಿ 40 ಸಲ ಹೊಡೆಯುತ್ತಾನೆ, ಗುರಾಣಿಯಿದ್ದರೆ 30 ಸಲ. ಆದರೆ 12ರ ಮಾಂತ್ರಿಕನಿಗೆ ಬೀಳುವುದು 70. ಯಾರಾದರೂ ಗುರಾಣಿ ಅಡ್ಡ ಹಿಡಿದರೆ 49. ನಮಗೆ ಉಳಿದದ್ದು 10, ಅವನಿಗೆ ಉಳಿಯುತ್ತಿದ್ದದ್ದು 21. ಸುತ್ತಿಗೆ ಒಂದೇ ಏಟಿಗೆ ನಿಜ, ಆದರೆ ಅಂದು ಒಂದೇ ಏಟು ಸಾಕಾಗಿತ್ತು.

ಹಾಗಾಗಿ ನಮ್ಮ ಪ್ರಸ್ತಾಪ: ಗುರಾಣಿ ಹಿಡಿದ ಯಾರೇ ಆಗಲಿ, ಶೈಲಿ ಕಲಿಯದೆಯೂ, ಸುತ್ತಿಗೊಮ್ಮೆ ಪಕ್ಕದವರನ್ನು ಕಾಯಬಹುದು. ಆದರೆ ಪುಕ್ಕಟೆಯಾಗಿ ಅಲ್ಲ. ತನ್ನ ಮುಂದಿನ ಸರದಿಯವರೆಗೆ ತನ್ನ 2 ಬಿಟ್ಟುಕೊಡಬೇಕು. ಶೈಲಿ ಕಲಿತವರಿಗೆ ಆ ನಷ್ಟವಿಲ್ಲ. ಕಾಳಗ ನಿಧಾನವಾಗುತ್ತದೆ ಎಂದು ಕಥೆ ನಡೆಸುವ ಅಣ್ಣ ಗೊಣಗುತ್ತಿದ್ದಾರೆ. ಆಗಲಿ. ನಾವು ಚಹಾಕ್ಕೆಂದು ಎದ್ದು ಹೋಗುವ ಹೊತ್ತಿಗಿಂತ ಹೆಚ್ಚೇನೂ ಆಗದು.

ಬರುವ ಭಾನುವಾರ ಆಡಿ ನೋಡುತ್ತೇವೆ. ಆ ಹುಡುಗನಿಗೂ ಹೇಳಿ ಕಳುಹಿಸಿದ್ದೇವೆ.