ಅರಳುಮರಳಿನ ಕಾರಣ ಹುಡುಕುವ ಅಲೆಗಳು

ಬ್ರೇನ್ ಮ್ಯಾಪಿಂಗ್ ಎಂದೊಡನೆ ಪತ್ರಿಕೆ ಓದುವವರಿಗೆ ನೆನಪಾಗುವುದು ಪೊಲೀಸು, ಕೋರ್ಟು. ಒಪ್ಪಿಗೆಯಿಲ್ಲದೆ ಯಾರ ಮೇಲೂ ಅದನ್ನು ನಡೆಸಕೂಡದೆಂದು ಸುಪ್ರೀಂ ಕೋರ್ಟ್ 2010ರಲ್ಲಿ ಹೇಳಿದ್ದು ಕರ್ನಾಟಕದ ಸೆಲ್ವಿ ಪ್ರಕರಣದಲ್ಲೇ. ಆ ಪರೀಕ್ಷೆ ನೆಚ್ಚಿದ್ದ ಪಿ-300 ಎಂಬ ವಿದ್ಯುತ್ ಅಲೆಯನ್ನು 1965ರಲ್ಲಿ ವರದಿ ಮಾಡಿದವರು ಅಮೆರಿಕದ ಸ್ಯಾಮ್ಯುಯೆಲ್ ಸಟನ್ ಮತ್ತು ಸಂಗಡಿಗರು. ಮರೆವಿನ ಕಾಯಿಲೆಯ ತಪಾಸಣೆಯಲ್ಲಿ ಅದಕ್ಕೆ ಇನ್ನೂ ಮರ್ಯಾದಸ್ಥ ಕೆಲಸವಿದೆ.

ತಲೆಗೆ ಎಲೆಕ್ಟ್ರೋಡ್ ಅಂಟಿಸಿ ಒಂದೇ ಬಗೆಯ ಸದ್ದು ಕೇಳಿಸುತ್ತಾರೆ. ನಡುನಡುವೆ ಬೇರೊಂದು ಸದ್ದು. ಅದನ್ನು ಗುರುತಿಸಿದ ಮೆದುಳಿನಲ್ಲಿ ಸುಮಾರು 300 ಮಿಲಿಸೆಕೆಂಡಿಗೆ ಅಲೆ ಏಳುತ್ತದೆ. ಆಲ್ಝೈಮರ್‌ ಇದ್ದವರಲ್ಲಿ ಅದು ಸಾಮಾನ್ಯವಾಗಿ ತಡ.

ಐಹೊಳೆ, ಹುನಗುಂದ, ಇಳಕಲ್ಲಿನ ಕಡೆ ಇದಕ್ಕೆ ಬೆಲೆಯಿದೆ. ಶಾಲೆಯ ಮೆಟ್ಟಿಲು ಹತ್ತದ ನೇಕಾರ ಅಜ್ಜನಿಗೆ ‘ನೂರರಿಂದ ಏಳೇಳು ಕಳೀರಿ’ ಎಂದರೆ, ತಪ್ಪಿದ್ದು ನೆನಪೋ ಲೆಕ್ಕವೋ ಹೇಳುವುದು ಹೇಗೆ? ಅಲೆಗೆ ಅಕ್ಷರ ಬೇಡ. ಕಿವಿ ಮಾತ್ರ ನೆಟ್ಟಗಿರಬೇಕು!

ಆದರೆ ಪಿ-300 ತಡವಾಗಿದೆ ಎನ್ನುತ್ತದೆ, ಏಕೆಂದು ಹೇಳುವುದಿಲ್ಲ. ಬರಿಯ ವಯಸ್ಸಿಗೂ ಅದು ನಿಧಾನವಾಗುತ್ತದೆ. ಕಾರಣ ಬಿಡಿಸಲು ಬೇರೆ ದಾರಿಗಳಿವೆ. ಕೈಯ ನರಕ್ಕೆ ಸಣ್ಣ ವಿದ್ಯುತ್ ತಟ್ಟಿ, ಕ್ಷಣದೊಳಗೆ ತಲೆಯ ಮೇಲಿಂದ ಅಯಸ್ಕಾಂತದ ಮಿಡಿತ ಕೊಟ್ಟರೆ, ಆರೋಗ್ಯವಂತರಲ್ಲಿ ಕೈ ಸ್ನಾಯುವಿನ ಪ್ರತಿಕ್ರಿಯೆ ತಗ್ಗುತ್ತದೆ. ಅಸಿಟೈಲ್‌ಕೋಲಿನ್ ಎಂಬ ನರರಾಸಾಯನಿಕ ಸೊರಗಿದ ಆಲ್ಝೈಮರ್‌ನಲ್ಲಿ ಅಷ್ಟಾಗಿ ತಗ್ಗದು. ನಡತೆ ಕೆಡಿಸುವ ಮುಂಮೆದುಳಿನ ಮರೆವಿನಲ್ಲಿ ಈ ತಗ್ಗುವಿಕೆ ಬಹುಮಟ್ಟಿಗೆ ಉಳಿದಿರುತ್ತದೆ. ಇಟಲಿಯ ಬ್ರೆಶಾದ ತಂಡ 2017ರಲ್ಲಿ ಈ ವ್ಯತ್ಯಾಸವನ್ನು ತೋರಿಸಿತು. ಮರೆವಿನ ಇನ್ನೊಂದು ಬಗೆಯಾದ ಲೂಯಿ ಬಾಡಿ ಕಾಯಿಲೆಯ ಅದೇ ವರ್ಷದ ಅಂತರರಾಷ್ಟ್ರೀಯ ಮಾನದಂಡದಲ್ಲಿ, ಮೆದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸುವ ಇಇಜಿಯಲ್ಲಿ ಹಿಂಭಾಗದ ಅಲೆಗಳು ನಿಧಾನವಾಗುವುದೂ ಪೂರಕ ಸಾಕ್ಷ್ಯ.

ಇದು ಪಂಡಿತರ ಚರ್ಚೆಯಷ್ಟೇ ಅಲ್ಲ. ಇಲ್ಲದವರನ್ನು ಕಂಡಂತೆ ಮಾತಾಡುವ ಲೂಯಿ ಬಾಡಿ ರೋಗಿಗೆ ‘ಹುಚ್ಚು’ ಎಂದು ಹ್ಯಾಲೊಪೆರಿಡಾಲ್ ಕೊಟ್ಟರೆ ಮೈ ಸೆಟೆದು ಜೀವಕ್ಕೇ ಎರವಾಗಬಹುದು. ಆಲ್ಝೈಮರ್‌ನಲ್ಲಿ ಒಂದಿಷ್ಟು ನೆರವಾಗುವ ಡೊನೆಪೆಝಿಲ್ ಮುಂಮೆದುಳಿನ ಕಾಯಿಲೆಗೆ ಪ್ರಯೋಜನವಿಲ್ಲ.

ಹಾಗೆಂದು ತಾಲ್ಲೂಕಿಗೊಂದು ಅಯಸ್ಕಾಂತದ ಯಂತ್ರ ಕೇಳುವುದು ದುಂದು. ಬಿ12 ಕೊರತೆ, ಥೈರಾಯ್ಡ್, ಖಿನ್ನತೆ, ಬಿದ್ದ ಪೆಟ್ಟಿಗೆ ತಲೆಯೊಳಗೆ ಹೆಪ್ಪುಗಟ್ಟಿದ ರಕ್ತ, ಇವೂ ಅರಳುಮರಳಿನಂತೆ ಕಾಣುತ್ತವೆ, ಚಿಕಿತ್ಸೆಗೆ ಬಗ್ಗುತ್ತವೆ. ‘ವಯಸ್ಸಾತು ಬಿಡ್ರಿ’ ಎನ್ನುವ ಮೊದಲು ರಕ್ತ ಪರೀಕ್ಷೆ, ಸ್ಕ್ಯಾನ್, ಕಿವಿ ತಪಾಸಣೆ ಆಗಲಿ. ಆಮೇಲೂ ಗೊಂದಲ ಉಳಿದರೆ ಇಇಜಿ. ನಿಮ್ಹಾನ್ಸ್, ರಾಜ್ಯ ಸರ್ಕಾರ, ನೀತಿ ಆಯೋಗ ಕೂಡಿ 2022ರಲ್ಲಿ ಆರಂಭಿಸಿದ ಮೆದುಳು ಆರೋಗ್ಯ ಯೋಜನೆಗೆ ಈ ಸರದಿಯನ್ನು ಜೋಡಿಸಬಹುದು: ಇಇಜಿ ತೆಗೆಯುವುದು ಬಾಗಲಕೋಟೆಯಲ್ಲಿ, ಅದನ್ನು ಓದುವ ತಜ್ಞರು ಧಾರವಾಡದಲ್ಲೋ ಬೆಂಗಳೂರಿನಲ್ಲೋ ಇದ್ದರೂ ನಡೆಯುತ್ತದೆ.