ಅಟ್ಟದ ಮೇಲಿನ ಗಾಳದ ಡಬ್ಬಿ

ಬೇಸಿಗೆ ರಜೆ ಅಂದರೆ ಅಜ್ಜನ ಮನೆ, ಅಜ್ಜನ ಮನೆ ಅಂದರೆ ಅಟ್ಟ. ಹೊಳೆಯೋ ಕೆರೆಯೋ ಹತ್ತಿರವಿರುವ ಊರಾದರೆ ಆ ಅಟ್ಟದಲ್ಲಿ ಹಳೆಯ ಬಿಸ್ಕತ್ತಿನ ಡಬ್ಬಿಯೊಂದು ಸಿಕ್ಕರೂ ಸಿಕ್ಕೀತು. ಅಲ್ಲಾಡಿಸಿದರೆ ಗಲಗಲ ಸದ್ದು. ಒಳಗೆ ತುಕ್ಕು ಹಿಡಿದ ಗಾಳಗಳು, ಗಂಟುಗಂಟಾದ ನೈಲಾನ್ ದಾರ, ಸೀಸದ ಗುಂಡುಗಳು, ಬಣ್ಣ ಹೋದ ಪ್ಲಾಸ್ಟಿಕ್ ಮೀನು, ಒಂದೆರಡು ಬೆಂಡು. ಮಕ್ಕಳೇ, ಸಿಕ್ಕಿತೆಂದು ಒಮ್ಮೆಲೇ ಕೈ ಹಾಕಬೇಡಿ. ಹಳೆಯ ಪತ್ರಿಕೆ ಹಾಸಿ ಅದರ ಮೇಲೆ ಸುರುವಿ, ದೊಡ್ಡವರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ.

ಗಾಳದ ಮೊನೆಗೆ ಎಲ್ಲರೂ ಹೆದರುತ್ತಾರೆ. ಅದು ಸರಿಯೇ. ಆದರೆ ಈ ಡಬ್ಬಿಯಲ್ಲಿ ಏನೂ ಮಾಡದವರಂತೆ ಕೂತಿರುವ ಇನ್ನಿಬ್ಬರಿದ್ದಾರೆ, ಸೀಸ ಮತ್ತು ದಾರ. ಅವರ ವಿಷಯಕ್ಕೆ ಆಮೇಲೆ ಬರೋಣ.

ಮೊದಲು ಗಾಳ. ತುಕ್ಕು ಮೇಲುಮೇಲೆ ಇದ್ದರೆ ಒಂದೆರಡು ಗಂಟೆ ವಿನೆಗರ್‌ನಲ್ಲಿ ನೆನೆಸಿ, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿ, ಸಿಹಿನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಬೇಕು. ಕೊನೆಗೆ ಹೊಲಿಗೆ ಯಂತ್ರದ ಎಣ್ಣೆ ಒಂದು ತೊಟ್ಟು. ಕೊಬ್ಬರಿ ಎಣ್ಣೆ ಬೇಡ, ಸ್ವಲ್ಪ ದಿನಕ್ಕೆ ಅಂಟಾಗುತ್ತದೆ. ಸಮುದ್ರದಲ್ಲಿ ಬಳಸಿದ ಗಾಳವನ್ನಂತೂ ಅದೇ ದಿನ ಸಿಹಿನೀರಿನಲ್ಲಿ ತೊಳೆಯದಿದ್ದರೆ ಉಪ್ಪು ಅದನ್ನು ಬೇಗ ತಿನ್ನುತ್ತದೆ. ಮೂರು ಮೊನೆಯ ಗಾಳಗಳಿಗೆ ಸೈಕಲ್ ವಾಲ್ವ್ ಟ್ಯೂಬಿನ ತುಂಡುಗಳನ್ನು ಟೋಪಿಯಂತೆ ತೊಡಿಸಿದರೆ ಒಂದಕ್ಕೊಂದು ಸಿಕ್ಕಿಕೊಳ್ಳುವುದಿಲ್ಲ. ಹೊಸ ಚಪ್ಪಲಿಯ ಪೆಟ್ಟಿಗೆಯಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣವನ್ನು ಎಸೆಯದೆ ಇಲ್ಲಿ ಹಾಕಿಡಿ, ತೇವ ಹೀರುತ್ತದೆ. ಪುಟ್ಟ ಮಕ್ಕಳ ಕೈಗೆ ಮಾತ್ರ ಅದು ಸಿಗಬಾರದು.

ತುಕ್ಕು ಆಳಕ್ಕಿಳಿದು ಗುಳಿ ಬಿದ್ದ ಗಾಳ ಇನ್ನು ಕೆಲಸಕ್ಕೆ ಬಾರದು. ಅದನ್ನು ಹಾಗೇ ಕಸದ ಬುಟ್ಟಿಗೆ ಎಸೆದರೆ ನಾಳೆ ಚುಚ್ಚುವುದು ಪೌರಕಾರ್ಮಿಕರ ಕೈಗೆ. ಖಾಲಿ ಮಾತ್ರೆ ಡಬ್ಬಿಗೆ ಹಾಕಿ, ಮುಚ್ಚಳಕ್ಕೆ ಟೇಪು ಸುತ್ತಿ, ಒಳಗೇನಿದೆ ಎಂದು ಬರೆದು ಗುಜರಿಗೆ ಕೊಡಿ. ನಿಮ್ಮ ಬೆರಳಿಗೇ ಗಾಳ ಹೊಕ್ಕರೆ ಎಳೆಯಲು ಹೋಗಬೇಡಿ. ಅದರ ಹಿಮ್ಮುಖದ ಮುಳ್ಳು ಇನ್ನಷ್ಟು ಹರಿಯುತ್ತದೆ. ನೇರ ವೈದ್ಯರ ಹತ್ತಿರ ಹೋಗಿ.

ಮೀನಿನಂತೆ ಕಾಣುವ ಹುಸಿ ಎರೆಗಳಲ್ಲಿ ಮೆತ್ತನೆಯ ರಬ್ಬರಿನಂಥವು ಸ್ವಲ್ಪ ತಂಟೆಕೋರ. ಅವನ್ನು ಮೆತ್ತಗಾಗಿಸಲು ಬೆರೆಸಿದ ರಾಸಾಯನಿಕ ಬಿಸಿಲು ಸೆಕೆಗೆ ಹೊರಬಂದು, ಪಕ್ಕದ ಗಟ್ಟಿ ಪ್ಲಾಸ್ಟಿಕ್ಕನ್ನೂ ಡಬ್ಬಿಯನ್ನೂ ಕರಗಿಸಿ ಅಂಟಿಸಿಬಿಡುತ್ತದೆ. ಅವು ತಮ್ಮ ಪೊಟ್ಟಣದಲ್ಲೇ ಬೇರೆಯಾಗಿರಲಿ. ಗಟ್ಟಿಯಾದವುಗಳ ಬಣ್ಣ ಹೋಗಿದ್ದರೆ ಉಗುರಿನ ಬಣ್ಣ ಬಳಿಯಬಹುದು. ಅಕ್ಕನನ್ನು ಕೇಳಿಕೊಂಡು!

ಹಳೆಯದರಿಂದ ಹೊಸದು ಮಾಡುವುದರಲ್ಲಿ ಫಿನ್ಲೆಂಡಿನ ಮೀನುಗಾರ ಲೌರಿ ರಾಪಾಲ ಎಲ್ಲರಿಗೂ ದೊಡ್ಡಣ್ಣ. 1936ರ ಸುಮಾರಿಗೆ ಆತ ಬೆಂಡಿನ ತುಂಡನ್ನು ಚಮ್ಮಾರರ ಚಾಕುವಿನಿಂದ ಮೀನಿನ ಆಕಾರಕ್ಕೆ ಕೆತ್ತಿ, ಚಾಕೊಲೇಟಿನ ಬೇಗಡೆ ಸುತ್ತಿ, ಮೇಲೆ ಹಳೆಯ ಫೋಟೊ ನೆಗೆಟಿವ್‌ಗಳನ್ನು ಕರಗಿಸಿ ಬಳಿದ. ವಾರ್ನಿಷ್ ಕೊಳ್ಳಲು ಹಣವೆಲ್ಲಿತ್ತು? ಗಾಯಗೊಂಡ ಮೀನಿನ ಹಾಗೆ ಓಲಾಡುತ್ತಾ ಸಾಗಿದ ಆ ಆಟಿಕೆಗೆ ದೊಡ್ಡ ಮೀನುಗಳು ಮೋಸಹೋದವು. ಇಂದು ಅವನ ಹೆಸರಿನ ಕಂಪನಿಯ ಹುಸಿಮೀನುಗಳು ಜಗತ್ತಿನ ತುಂಬ ಮಾರಾಟವಾಗುತ್ತವೆ. ನೆಗೆಟಿವ್ ಕರಗಿಸುವ ಸಾಹಸ ಮಾತ್ರ ಮನೆಯಲ್ಲಿ ಬೇಡ, ಹಳೆಯ ಫಿಲ್ಮು ಭಗ್ಗನೆ ಹೊತ್ತಿಕೊಳ್ಳುತ್ತದೆ.

ಈಗ ಸೀಸ. ಕಾಳಿನಂಥ ಸೀಸವನ್ನು ದಾರಕ್ಕೆ ಹಾಕಿ ಹಲ್ಲಿನಿಂದ ಕಚ್ಚಿ ಬಿಗಿಯುವವರು ಇಂದಿಗೂ ಇದ್ದಾರೆ. ದೊಡ್ಡವರು ಮಾಡಿದರೂ ನೀವು ಮಾಡಬೇಡಿ, ಅವರಿಗೂ ಬೇಡವೆನ್ನಿ. ಸೀಸ ಮೆಲ್ಲಗೆ ಮೈಸೇರುವ ವಿಷ. ಬೆಳೆಯುವ ಮಕ್ಕಳ ಮಿದುಳಿಗಂತೂ ಹೆಚ್ಚು ಕೆಡುಕು. ಇಂಗ್ಲೆಂಡಿನಲ್ಲಿ ಇದರ ಬೆಲೆ ತೆತ್ತದ್ದು ಹಂಸಗಳು. ಹಕ್ಕಿಗಳಿಗೆ ಹಲ್ಲಿಲ್ಲವಲ್ಲ, ತಿಂದದ್ದನ್ನು ಅರೆಯಲು ಸಣ್ಣ ಕಲ್ಲು ನುಂಗುತ್ತವೆ. ಥೇಮ್ಸ್ ನದಿಯ ಹಂಸಗಳು ಕಲ್ಲೆಂದು ಗಾಳದವರು ಬೀಳಿಸಿದ ಸೀಸದ ಕಾಳು ನುಂಗಿದವು. ಹೊಟ್ಟೆಯಲ್ಲಿ ಸೀಸ ಅರೆದು ರಕ್ತ ಸೇರಿತು, ಕೊರಳು ಎತ್ತಲಾಗದೆ ಸತ್ತವು. ಕೊನೆಗೆ 1987ರಲ್ಲಿ ಅಲ್ಲಿ 0.06 ಗ್ರಾಂನಿಂದ ಸುಮಾರು 28 ಗ್ರಾಂವರೆಗಿನ ಗಾಳದ ಸೀಸದ ಮಾರಾಟವನ್ನೇ ನಿಲ್ಲಿಸಿದರು. ಹಂಸಗಳ ಸಂಖ್ಯೆ ಮತ್ತೆ ಏರಿತು.

ಹಾಗಾಗಿ ಡಬ್ಬಿಯ ಸೀಸವನ್ನೆಲ್ಲ ಬೇರೆ ಡಬ್ಬಿಗೆ ಹಾಕಿ ಮುಚ್ಚಿ, ಹಳೆಯ ಬ್ಯಾಟರಿ ಕೊಳ್ಳುವ ಗುಜರಿಯವರಿಗೆ ಕೊಡಿ. ಮುಟ್ಟಿದ ಮೇಲೆ ಸೋಪು ಹಚ್ಚಿ ಕೈ ತೊಳೆಯಿರಿ. ಕರಗಿಸಿ ಹೊಸ ಗುಂಡು ಎರಕ ಹೊಯ್ಯುವ ಕೆಲಸ ಅಡುಗೆಮನೆಯಲ್ಲಿ ನಡೆಯಲೇಬಾರದು. ಭಾರಕ್ಕೆ ಏನು ಕಟ್ಟುವುದು ಅಂತೀರಾ? ಹಳೆಯ ಕಬ್ಬಿಣದ ನಟ್ಟು, ಗ್ಯಾರೇಜಿನಲ್ಲಿ ಬಿಟ್ಟಿ ಸಿಗುವ ಸ್ಪಾರ್ಕ್ ಪ್ಲಗ್ಗು ಚೆನ್ನಾಗಿಯೇ ಮುಳುಗುತ್ತವೆ.

ಇನ್ನು ದಾರ. ನೈಲಾನ್ ಹುಟ್ಟಿದ್ದು 1935ರಲ್ಲಿ, ಅದಕ್ಕಿನ್ನೂ ನೂರು ವರ್ಷ ತುಂಬಿಲ್ಲ. ಕೆರೆದಂಡೆಯಲ್ಲಿ ಎಸೆದ ದಾರ ಬೇಗ ಕೊಳೆಯುವುದೂ ಇಲ್ಲ. ನೀರುಕಾಗೆಯ ರೆಕ್ಕೆಗೆ, ಬೆಳ್ಳಕ್ಕಿಯ ಕಾಲಿಗೆ ಸುತ್ತಿಕೊಂಡರೆ ಬಿಡಿಸುವವರು ಯಾರು? ಗೂಡಿಗೆಂದು ಎತ್ತಿಕೊಂಡು ಹೋದರೆ ಮರಿಯ ಕಾಲಿಗೂ ಬಿಗಿಯುತ್ತದೆ. ಅಮೆರಿಕದ ಫ್ಲಾರಿಡಾದಲ್ಲಿ ಮೀನು ಹಿಡಿಯುವ ಕಟ್ಟೆಗಳ ಬಳಿ ಪಿವಿಸಿ ಪೈಪನ್ನು ನಿಲ್ಲಿಸಿ, ಹಳೆಯ ದಾರವನ್ನು ಅದರಲ್ಲೇ ಹಾಕಿಸಿಕೊಂಡು ಮರುಬಳಕೆಗೆ ಕಳಿಸುತ್ತಾರೆ. ನಮ್ಮ ಕೆರೆಯ ಪಕ್ಕ ಅಂಥ ಪೈಪು ಇಲ್ಲದಿದ್ದರೆ, ದಾರವನ್ನು ಗೇಣಿಗಿಂತ ಚಿಕ್ಕ ತುಂಡುಗಳಾಗಿ ಕತ್ತರಿಸಿ, ಬಾಟಲಿಗೆ ತುಂಬಿ ಮುಚ್ಚಳ ಹಾಕಿಯೇ ಒಣಕಸಕ್ಕೆ ಕೊಡಬೇಕು. ಗಟ್ಟಿಯಿರುವ ದಾರದಲ್ಲಿ ಮಣಿ ಪೋಣಿಸಿ, ಹೂಕುಂಡ ತೂಗುಹಾಕಿ. ಗಾಳಿಪಟಕ್ಕೆ ಮಾತ್ರ ಬೇಡವೇ ಬೇಡ. ನೈಲಾನ್ ಮಾಂಜಾವನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರಲ್ಲೇ ದೇಶದಾದ್ಯಂತ ನಿಷೇಧಿಸಿದೆ.

ರೀಲು ಇದ್ದರೆ ನಲ್ಲಿಯ ಕೆಳಗೆ ಹಿಡಿಯಬೇಡಿ, ಉಪ್ಪು ಮಣ್ಣು ಒಳಕ್ಕೇ ನುಗ್ಗುತ್ತದೆ. ಒದ್ದೆಬಟ್ಟೆಯಿಂದ ಒರೆಸಿ, ಒಣಗಿಸಿ, ಬಿಗಿ ಮಾಡುವ ತಿರುಗಣೆಯನ್ನು ಸಡಿಲಿಸಿ ಇಡಿ. ಬಿಗಿಯಾಗಿಯೇ ಬಿಟ್ಟರೆ ಒಳಗಿನ ಬಿಲ್ಲೆಗಳು ಅಮುಕಿಹೋಗುತ್ತವೆ. ಬಿದಿರಿನ ಗಾಳದ ಕೋಲನ್ನು ಗೋಡೆಗೆ ಓರೆಯಾಗಿ ಒರಗಿಸಿದರೆ ವರ್ಷದೊಳಗೆ ಬಾಗುತ್ತದೆ, ಅಡ್ಡಲಾಗಿ ಎರಡು ಮೊಳೆಯ ಮೇಲೆ ಮಲಗಿಸಬೇಕು. ಸೌದೆ ಒಲೆಯ ಮನೆಯಾದರೆ ಒಲೆಯ ಮೇಲಿನ ಅಟ್ಟವೇ ಅದಕ್ಕೆ ಒಳ್ಳೆಯ ಜಾಗ. ಹೊಗೆ ಹಿಡಿದ ಬಿದಿರಿಗೆ ಕೊರೆಯುವ ಹುಳು ಸುಲಭಕ್ಕೆ ಬೀಳುವುದಿಲ್ಲ.